ಅಳಿವೆಯ ಗೂನುಬೆನ್ನು: ಘಟ್ಟದ ನೀರು ಕಡಲು ಸೇರುವಲ್ಲಿನ ಡಾಲ್ಫಿನ್

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಕಡಲು ದೂರವೇನಲ್ಲ. ಜೋಗದಿಂದ ಹೊನ್ನಾವರಕ್ಕೆ ಸುಮಾರು 60 ಕಿಲೋಮೀಟರ್. ಗೇರುಸೊಪ್ಪೆಯ ತಿರುವುಗಳಲ್ಲಿ ಮಕ್ಕಳಿಗೆ ವಾಂತಿ ಬಾರದಿದ್ದರೆ ಎರಡು ಗಂಟೆಯಲ್ಲಿ ಉಪ್ಪುಗಾಳಿ ಮೂಗಿಗೆ ಬಡಿಯುತ್ತದೆ. ಹಾಗೆ ಇಳಿದು, ಕಾರವಾರದವರೆಗೂ ಹೋಗಿ, ದೋಣಿ ಹತ್ತಿ ಡಾಲ್ಫಿನ್ ನೋಡಿ ಬಂದವರಲ್ಲಿ ಹಲವರದು ಒಂದೇ ದೂರು: “ಎಂತದೋ ಕರ್ರಗೆ ಒಂದು ಬೆನ್ನು ಕಂಡಂಗಾಯ್ತು ಮಾರಾಯ್ರೆ, ಅಷ್ಟೇ.” ಟೀವಿಯಲ್ಲಿ ನೋಡಿದ್ದು ಆಳೆತ್ತರ ಹಾರಿ ಮಗುಚಿ ಬೀಳುವ ಡಾಲ್ಫಿನ್. ಇಲ್ಲಿ ಕಂಡದ್ದು ಎದ್ದು ಮುಳುಗುವ ಒಂದು ಬೆನ್ನು.

ನೋಡಬೇಕಾದ್ದನ್ನೇ ಅವರು ನೋಡಿದ್ದಾರೆ. ನಮ್ಮ ದಡದ ಡಾಲ್ಫಿನ್‌ಗೆ ಆ ಬೆನ್ನೇ ಗುರುತು.

ಇದರ ಪೂರ್ತಿ ಹೆಸರು ಇಂಡಿಯನ್ ಓಷನ್ ಹಂಪ್‌ಬ್ಯಾಕ್ ಡಾಲ್ಫಿನ್. ಗೂನುಬೆನ್ನಿನ ಡಾಲ್ಫಿನ್ ಎಂದರೆ ಸಾಕು. ವೈಜ್ಞಾನಿಕ ಹೆಸರು ಸೂಸಾ ಪ್ಲಂಬಿಯಾ. ಪ್ಲಂಬಿಯಾ ಎಂದರೆ ಸೀಸದ ಬಣ್ಣದ್ದು. ಇದನ್ನೂ ಚೀನಾ ಕಡೆಯ ನಸುಗೆಂಪು ಡಾಲ್ಫಿನನ್ನೂ ಮೊದಲು ಒಂದೇ ಜಾತಿಯ ಲೆಕ್ಕಕ್ಕೆ ಹಾಕುತ್ತಿದ್ದರು. 2014ರಲ್ಲಿ ಬೇರೆ ಬೇರೆ ಜಾತಿಗಳೆಂದು ವಿಂಗಡಿಸಿದರು. ಹಳೆಯ ಪುಸ್ತಕಗಳಲ್ಲಿ ಸೂಸಾ ಚೈನೆನ್ಸಿಸ್ ಎಂಬ ಹೆಸರು ಕಂಡರೆ ಗೊಂದಲ ಬೇಡ, ನಮ್ಮದೂ ಆಗ ಅದರೊಳಗೇ ಸೇರಿತ್ತು.

ಬೆಳೆದ ಪ್ರಾಣಿ ಎರಡೂವರೆ ಮೀಟರ್ ಮೀರಿ, ಹೆಚ್ಚೆಂದರೆ 2.8 ಮೀಟರ್ ಉದ್ದ. ತೂಕ 250 ಕಿಲೋದ ಆಸುಪಾಸಿಗೂ ಹೋಗುತ್ತದೆ. ಎಂದರೆ ಕೊಟ್ಟಿಗೆಯ ಎರಡು ಮಲೆನಾಡು ಗಿಡ್ಡ ಹಸುಗಳಷ್ಟು. ಬೆನ್ನಿನ ನಡುವೆ ಉದ್ದಕ್ಕೆ ಒಂದು ದಿಣ್ಣೆ, ಆ ದಿಣ್ಣೆಯ ಮೇಲೆ ಕುಳಿತ ಹಾಗೆ ಚಿಕ್ಕದೊಂದು ರೆಕ್ಕೆ. ದಿಣ್ಣೆಯೊಳಗೆ ಮೂಳೆ ಇಲ್ಲ. ಮೈ ಬೂದು, ಹೊಟ್ಟೆಯ ಕಡೆ ತಿಳಿ. ವಯಸ್ಸಾದವುಗಳ ರೆಕ್ಕೆ, ಗೂನಿನ ತುದಿಗಳಲ್ಲಿ ಬಿಳಿ ಅಥವಾ ನಸುಗೆಂಪು ಕಲೆಗಳಿರಬಹುದು. ಮೂತಿ ಉದ್ದ, ಸಪೂರ. ದವಡೆಯ ಒಂದೊಂದು ಪಕ್ಕಕ್ಕೂ 30ಕ್ಕಿಂತ ಹೆಚ್ಚು ಮೊನಚು ಹಲ್ಲು. ಹಲ್ಲಿರುವುದು ಜಾರುವ ಮೀನನ್ನು ಹಿಡಿಯಲು ಮಾತ್ರ, ಜಗಿಯಲು ಅಲ್ಲ. ಮೀನನ್ನು ತಲೆ ಮುಂದಾಗಿ ತಿರುಗಿಸಿ ಇಡಿಯಾಗಿ ನುಂಗುತ್ತದೆ. ಬಾಲದ ಕಡೆಯಿಂದ ನುಂಗಿದರೆ ಮುಳ್ಳು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಮೇಲೆ ಬರುವ ಕ್ರಮವನ್ನು ಒಮ್ಮೆ ಮನಸ್ಸಿನಲ್ಲಿಟ್ಟುಕೊಂಡರೆ ದೂರದಿಂದಲೂ ತಪ್ಪುವುದಿಲ್ಲ. ಮೊದಲು ಓರೆಯಾಗಿ ಮೂತಿ ಕಾಣುತ್ತದೆ. ಹಿಂದೆಯೇ ಹಣೆ, ಜೊತೆಗೆ ಘಟ್ಟದ ಲಾರಿ ಏರ್‌ಬ್ರೇಕ್ ಬಿಟ್ಟಂತೆ ಒಂದು “ಫುಸ್”. ಆಮೇಲೆ ಗೂನು ಏಳುತ್ತದೆ, ಬೆನ್ನು ಬಿಲ್ಲಿನ ಹಾಗೆ ಬಾಗಿ ನೀರೊಳಗೆ ಉರುಳುತ್ತದೆ. ಹೀಗೆ ಮೂರು ನಾಲ್ಕು ಸಲ ಉಸಿರಾಡಿಕೊಂಡ ಮೇಲೆ ಬೆನ್ನು ಮತ್ತಷ್ಟು ಬಾಗಿ, ಕೆಲವು ಸಲ ಬಾಲವೂ ಮೇಲೆದ್ದು, ಮುಳುಗುತ್ತದೆ. ಬಾಲ ಎದ್ದಿತೆಂದರೆ ಕ್ಯಾಮೆರಾ ಇಳಿಸಿ ಅರವತ್ತರವರೆಗೆ ಎಣಿಸಿ. ಸಾಮಾನ್ಯವಾಗಿ ಒಂದು ನಿಮಿಷದ ಆಸುಪಾಸು ಒಳಗಿರುತ್ತದೆ, ಬೇಕಾದರೆ ಕೆಲವು ನಿಮಿಷವೂ ಇದ್ದೀತು. ಮುಳುಗಿದ ಜಾಗದಲ್ಲೇ ಏಳುವ ಭರವಸೆಯಿಲ್ಲ. ಅದೇ ಜಾಗಕ್ಕೆ ಕಣ್ಣು ನೆಟ್ಟು ಕೂತವರಿಗೇ ಹೆಚ್ಚಾಗಿ ತಪ್ಪಿಹೋಗುವುದು.

ಗುಂಪು ಚಿಕ್ಕದು. ಹತ್ತರೊಳಗೆ ಇರುವುದೇ ಹೆಚ್ಚು, ಎರಡು ಮೂರು ಇದ್ದರೂ ಸಹಜ. ದೋಣಿಯ ಮುಂದೆ ಪಂದ್ಯ ಕಟ್ಟಿದ ಹಾಗೆ ಈಜುವ ಚಪಲ ಇದಕ್ಕಿಲ್ಲ. ನೂರಾರು ಒಟ್ಟಾಗಿ ಬಂದು, ಗಾಳಿಯಲ್ಲಿ ಬುಗುರಿಯಂತೆ ತಿರುಗಿ ಬೀಳುತ್ತಿದ್ದರೆ ಅದು ಸ್ಪಿನ್ನರ್ ಡಾಲ್ಫಿನ್, ಹೊರಗಡಲಿನದು. ಬೆನ್ನರೆಕ್ಕೆ ಎತ್ತರವಾಗಿ ಹಿಂದಕ್ಕೆ ಬಾಗಿ, ಕೆಳಗೆ ದಿಣ್ಣೆ ಇಲ್ಲದಿದ್ದರೆ ಬಾಟಲ್‌ನೋಸ್. ಬೆನ್ನರೆಕ್ಕೆಯೇ ಇಲ್ಲದೆ, ಗುಂಡು ತಲೆಯ, ಮೂತಿಯಿಲ್ಲದ ಪುಟ್ಟ ಪ್ರಾಣಿ ಕಂಡರೆ ಅದು ಡಾಲ್ಫಿನ್ನೇ ಅಲ್ಲ, ರೆಕ್ಕೆಯಿಲ್ಲದ ಪಾರ್ಪಾಯ್ಸ್. ಇನ್ನು ತೀರ್ಥಹಳ್ಳಿಯ ತುಂಗೆಯಲ್ಲಿ ತಲೆ ಎತ್ತಿ ಎತ್ತಿ ಮುಳುಗುವುದು ನೀರುನಾಯಿ. ತುಂಗೆ, ಭದ್ರೆಯಲ್ಲಿ ಡಾಲ್ಫಿನ್ ಇಲ್ಲ. ಸಿಹಿನೀರಿನಲ್ಲೇ ಬಾಳುವ ಗಂಗಾ ಡಾಲ್ಫಿನ್, 2009ರಲ್ಲಿ ರಾಷ್ಟ್ರೀಯ ಜಲಚರ ಎನಿಸಿಕೊಂಡದ್ದು, ಬೇರೆಯದೇ ಕುಟುಂಬ.

ದನದ ದಾಯಾದಿ

ಮೀನಿನ ಗಾಡಿಯವನು ತರುವ ಬಂಗುಡೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಬಾಲ ನೆಟ್ಟಗೆ ನಿಂತಿದೆ. ಈಜುವಾಗ ಅದು ಎಡಕ್ಕೆ ಬಲಕ್ಕೆ ಬಡಿಯುತ್ತದೆ. ಡಾಲ್ಫಿನ್ನಿನ ಬಾಲ ಮೊರದ ಹಾಗೆ ಮಲಗಿದೆ, ಬಡಿಯುವುದು ಮೇಲೆ ಕೆಳಗೆ. ಕಾರಣ ನೆಲದ ಮೇಲಿದೆ. ಓಡುವ ನಾಯಿಯನ್ನು ಪಕ್ಕದಿಂದ ನೋಡಿದರೆ ಅದರ ಬೆನ್ನು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಆಗುವುದು ಕಾಣುತ್ತದೆ. ನಾಲ್ಕು ಕಾಲಿನ ಸಸ್ತನಿಯ ಬೆನ್ನೆಲುಬು ಬಾಗುವುದೇ ಹಾಗೆ. ಡಾಲ್ಫಿನ್ನಿನ ಪೂರ್ವಿಕರು ನೀರಿಗಿಳಿದಾಗ ಕಾಲು ಹೋಯಿತು, ಬೆನ್ನಿನ ಓಟ ಉಳಿಯಿತು. ಎದೆಯ ರೆಕ್ಕೆಯನ್ನು ಬಿಡಿಸಿ ನೋಡಿದರೆ ತೋಳಿನ ಮೂಳೆ, ಮಣಿಕಟ್ಟು, ಬೆರಳು ಎಲ್ಲ ಒಳಗಿವೆ. ಹಿಂಗಾಲಿನ ಸೊಂಟದ ಎರಡು ಚಿಕ್ಕ ಮೂಳೆಗಳು ಮಾಂಸದೊಳಗೆ ಹುದುಗಿ ಕುಳಿತಿವೆ.

ಆ ಪೂರ್ವಿಕರು ಗೊರಸಿನ ಪ್ರಾಣಿಗಳ ಬಳಗ. ಈಗ ಬದುಕಿರುವವುಗಳಲ್ಲಿ ತೀರಾ ಹತ್ತಿರದ ನಂಟು ನೀರುಕುದುರೆ, ಸ್ವಲ್ಪ ದೂರದ ನಂಟು ನಮ್ಮ ದನ, ಕಡವೆ, ಹಂದಿ. ಈ ಕಥೆಯ ಒಂದು ಮುಖ್ಯ ತುಣುಕು ಸಿಕ್ಕಿದ್ದು ಭಾರತದಲ್ಲೇ. ಜಮ್ಮು-ಕಾಶ್ಮೀರದ ಕಾಲಾಕೋಟ್‌ನ ಕಲ್ಲುಗಳಿಂದ ಭೂವಿಜ್ಞಾನಿ ಎ. ರಂಗರಾವ್ 1971ರಲ್ಲಿ ಇಂಡೋಹಯಸ್ ಎಂಬ ಬೆಕ್ಕಿನ ಗಾತ್ರದ, ಗೊರಸುಳ್ಳ ಪ್ರಾಣಿಯನ್ನು ಹೆಸರಿಸಿದರು. 2007ರಲ್ಲಿ ಅದೇ ಪ್ರಾಣಿಯ ಕಿವಿಮೂಳೆ ತಿಮಿಂಗಿಲ, ಡಾಲ್ಫಿನ್‌ಗಳ ಕಿವಿಮೂಳೆಯ ಅಚ್ಚಿನದೇ ಎಂಬುದು ಬಯಲಾಯಿತು. ವಯಸ್ಸು ಸುಮಾರು 4.8 ಕೋಟಿ ವರ್ಷ. ಡಾಲ್ಫಿನ್ನಿನ ಹೊಟ್ಟೆ ಇವತ್ತಿಗೂ ದನದ ಹೊಟ್ಟೆಯಂತೆ ಹಲವು ಕೋಣೆಗಳದು, ಮೆಲುಕು ಹಾಕುವುದಿಲ್ಲ ಅಷ್ಟೇ.

ಮೂಗು ನೆತ್ತಿಗೆ ಏರಿದೆ. ಮುಚ್ಚಳವಿರುವ ಒಂದೇ ಹೊಳ್ಳೆ. ನಾವು ಸುಮ್ಮನೆ ಕೂತಿದ್ದಾಗ ಒಂದು ಉಸಿರಿಗೆ ಪುಪ್ಪುಸದ ಗಾಳಿಯಲ್ಲಿ ಹತ್ತನೇ ಒಂದು ಪಾಲಿನಷ್ಟು ಬದಲಾಗುತ್ತದೆ. ಡಾಲ್ಫಿನ್ ಹತ್ತರಲ್ಲಿ ಎಂಟು ಪಾಲನ್ನು ಕಣ್ಣು ಮಿಟುಕಿಸುವುದರೊಳಗೆ ಬದಲಾಯಿಸಿಕೊಳ್ಳುತ್ತದೆ. ಇನ್ನೂ ದೊಡ್ಡ ವ್ಯತ್ಯಾಸ ಇರುವುದು ಮಿದುಳಿನಲ್ಲಿ. ನಮ್ಮ ಉಸಿರು ನಿದ್ದೆಯಲ್ಲೂ ತನ್ನಷ್ಟಕ್ಕೆ ನಡೆಯುತ್ತದೆ. ಡಾಲ್ಫಿನ್ ಪ್ರತಿ ಉಸಿರನ್ನೂ ಎಚ್ಚರದಲ್ಲೇ ಎಳೆದುಕೊಳ್ಳಬೇಕು. ಹಾಗಾಗಿ ಮಿದುಳಿನ ಅರ್ಧ ಮಲಗಿದರೆ ಉಳಿದರ್ಧ ಕಾವಲು, ಒಂದು ಕಣ್ಣು ತೆರೆದೇ ಇರುತ್ತದೆ. ಆಮೇಲೆ ಸರದಿ ಬದಲು. ಬಲೆಗೆ ಸಿಕ್ಕಿದ ಡಾಲ್ಫಿನ್ ಹೇಗೆ ಸಾಯುತ್ತದೆ ಎಂಬುದೂ ಇದರಿಂದಲೇ ಅರ್ಥವಾಗುತ್ತದೆ. ಮೇಲೆ ಬರಲಾಗದೆ ಅದು ಉಸಿರನ್ನು ಬಿಗಿಹಿಡಿದೇ ಇರುತ್ತದೆ. ನೀರು ಕುಡಿದಲ್ಲ, ಉಸಿರು ಕಟ್ಟಿ ಸಾಯುತ್ತದೆ.

ಕೆಂಪು ನೀರಿನಲ್ಲಿ ಕಿವಿಯೇ ಕಣ್ಣು

ಆಷಾಢದಲ್ಲಿ ಹೊಳೆಯ ಬಣ್ಣ ಕಂಡವರಿಗೆ ಅಳಿವೆಯ ನೀರು ಹೇಗಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಘಟ್ಟದ ಮಣ್ಣು, ಕೊಳೆತ ದರಗು, ಕಡಲಿನ ಕೆಸರು ಎಲ್ಲ ಕದಡಿ ಮೊಳದಾಚೆ ಏನೂ ಕಾಣದು. ಡಾಲ್ಫಿನ್ನಿನ ಕಣ್ಣು ಚೆನ್ನಾಗಿಯೇ ಇದೆ, ಆದರೆ ಅಲ್ಲಿ ಅದರಿಂದ ಪ್ರಯೋಜನ ಕಡಿಮೆ. ಸಂಜೆ ಅಂಗಳದಲ್ಲಿ ಹುಳ ಹಿಡಿಯುವ ಬಾವಲಿ ಮಾಡುವುದನ್ನೇ ಇದೂ ಮಾಡುತ್ತದೆ: ಸದ್ದು ಬಿಟ್ಟು ಮಾರ್ದನಿ ಕೇಳುತ್ತದೆ.

ಸದ್ದು ಹುಟ್ಟುವುದು ಗಂಟಲಲ್ಲಿ ಅಲ್ಲ, ನೆತ್ತಿಯ ಹೊಳ್ಳೆಯ ಕೆಳಗೆ. ಅಲ್ಲಿ ತುಟಿಯಂಥ ಮಡಿಕೆಗಳಿವೆ. ಅವುಗಳ ನಡುವೆ ಗಾಳಿ ದೂಡಿದಾಗ ಚಟ್ ಚಟ್ ಎಂಬ ತೀರಾ ಚಿಕ್ಕ ಮಿಡಿತಗಳು ಏಳುತ್ತವೆ. ನಮ್ಮ ಕಿವಿಯ ಮಿತಿ 20 ಕಿಲೋಹರ್ಟ್ಸ್. ಈ ಮಿಡಿತಗಳು 100 ಕಿಲೋಹರ್ಟ್ಸ್ ಕೂಡ ದಾಟುತ್ತವೆ. ಉಬ್ಬಿದ ಹಣೆಯೊಳಗಿರುವುದು ಮಿದುಳಲ್ಲ, ಒಂದು ಕೊಬ್ಬಿನ ಗಡ್ಡೆ. ಅದರ ನಡುಭಾಗದಲ್ಲಿ ಸದ್ದಿನ ವೇಗ ಕಡಿಮೆ, ಅಂಚಿನಲ್ಲಿ ಹೆಚ್ಚು. ಹಾಗಾಗಿ ಭೂತಗನ್ನಡಿ ಬಿಸಿಲನ್ನು ಕೂಡಿಸುವ ಹಾಗೆ ಗಡ್ಡೆ ಸದ್ದನ್ನು ಕೂಡಿಸಿ ಮುಂದಕ್ಕೆ ಒಂದು ಕಿರಿದಾದ ಕೋಲಿನಂತೆ ಕಳಿಸುತ್ತದೆ. ಮರಳಿ ಬಂದ ಸದ್ದನ್ನು ಹಿಡಿಯುವುದು ಕೆಳದವಡೆ. ದವಡೆಯ ಮೂಳೆ ಹಿಂಭಾಗದಲ್ಲಿ ತೆಳ್ಳಗಾಗಿ, ಒಳಗೆ ಕೊಬ್ಬು ತುಂಬಿಕೊಂಡು ನೇರ ಒಳಕಿವಿಗೆ ದಾರಿಯಾಗಿದೆ. ಹೊರಗಿವಿ ಇಲ್ಲ, ಕಣ್ಣಿನ ಹಿಂದೆ ಸೂಜಿಮೊನೆಯ ತೂತು ಮಾತ್ರ.

ಲೆಕ್ಕ ಹಾಕಿ ನೋಡಿ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್, ಕಡಲ ನೀರಿನಲ್ಲಿ ಸುಮಾರು 1500. ಮೀನು 15 ಮೀಟರ್ ದೂರದಲ್ಲಿದ್ದರೆ ಸದ್ದು ಹೋಗಿ ಬರಲು 30 ಮೀಟರ್, ಅಂದರೆ ಸೆಕೆಂಡಿನ 50ನೇ ಒಂದು ಭಾಗ. ಸಾಮಾನ್ಯವಾಗಿ ಡಾಲ್ಫಿನ್ ಮಾರ್ದನಿ ಬಂದ ಮೇಲೇ ಮುಂದಿನ ಮಿಡಿತ ಬಿಡುತ್ತದೆ. ಮೀನು ಹತ್ತಿರವಾದಷ್ಟೂ ಮಾರ್ದನಿ ಬೇಗ, ಮಿಡಿತವೂ ಬೇಗ ಬೇಗ. ಕೊನೆಯ ಒಂದೆರಡು ಮೀಟರಿನಲ್ಲಿ ಮಿಡಿತಗಳು ಒಂದಕ್ಕೊಂದು ಕೂಡಿಕೊಂಡು “ಕರ್ರ್” ಎಂಬ ಒಂದೇ ಉದ್ದ ಸದ್ದಾಗುತ್ತವೆ. ನೀರೊಳಗಿನ ಮೈಕಿನಲ್ಲಿ ಆ ಕರ್ರ್ ಕೇಳಿಸಿತೆಂದರೆ ಮೀನಿನ ಕಥೆ ಮುಗಿಯಿತೆಂದೇ ಲೆಕ್ಕ.

ಸುಮ್ಮನಿದ್ದು ಕೇಳಿಸಿಕೊಳ್ಳುವುದೂ ಬೇಟೆಯ ಭಾಗ. ಅಳಿವೆಯ ಕೆಲವು ಮೀನುಗಳು ಗಾಳಿಚೀಲವನ್ನು ನಡುಗಿಸಿ ಗೊರಗೊರ ಸದ್ದು ಮಾಡುತ್ತವೆ, ಗೂನುಬೆನ್ನಿನ ಊಟದಲ್ಲಿ ಇಂಥವು ಎದ್ದು ಕಾಣುತ್ತವೆ.

ಇಷ್ಟು ಸೂಕ್ಷ್ಮದ ಕಿವಿ ಇದ್ದೂ ಬಲೆಗೆ ಬೀಳುವುದೇಕೆ? ನೀರಿನಲ್ಲಿ ಗೋಡೆಯಂತೆ ಇಳಿಬಿಡುವ ಬೀಡುಬಲೆಯ ನೈಲಾನ್ ಎಳೆ ತೀರಾ ಸಪೂರ. ನೈಲಾನಿಗೂ ನೀರಿಗೂ ಸದ್ದಿನ ದೃಷ್ಟಿಯಿಂದ ಅಂಥ ವ್ಯತ್ಯಾಸವಿಲ್ಲದ ಕಾರಣ ಮಾರ್ದನಿ ಬರುವುದೇ ಕ್ಷೀಣವಾಗಿ. ಮೇಲಿನ ತೇಲುಬೆಂಡು, ಕೆಳಗಿನ ಸೀಸದ ಗುಂಡು ಕೇಳಿಸುತ್ತವೆ. ನಡುವಿನ ಗೋಡೆ ಕೇಳಿಸುವುದಿಲ್ಲ. ಅದರಲ್ಲೂ ಬಲೆಗೆ ಸಿಕ್ಕ ಮೀನಿನ ಸದ್ದು ಜೋರಾಗಿ ಕೇಳುವಾಗ, ಅಥವಾ ಬೆನ್ನಟ್ಟಿದ ಮೀನಿನ ಮೇಲೆಯೇ ಗಮನವಿರುವಾಗ, ಎಳೆ ಎಲ್ಲಿ ಗೊತ್ತಾಗಬೇಕು. ಹಿಮ್ಮುಖ ಈಜು ಇದಕ್ಕೆ ಸಲೀಸಲ್ಲ. ಸಿಕ್ಕಿದ ಕೂಡಲೇ ಮೈ ಹೊರಳಿಸುತ್ತದೆ, ಬಲೆ ಬಾಲಕ್ಕೆ ಸುತ್ತಿಕೊಳ್ಳುತ್ತದೆ.

ಅಳಿವೆಯೇ ಏಕೆ

ಗೂನುಬೆನ್ನು ಆಳಕ್ಕೆ ಹೋಗುವ ಜಾತಿಯಲ್ಲ. ನೀರು 25 ಮೀಟರಿಗಿಂತ ಆಳವಾದರೆ ಹಿಂದಿರುಗುವುದೇ ಹೆಚ್ಚು. ದಕ್ಷಿಣ ಆಫ್ರಿಕಾದಿಂದ ಭಾರತದ ತೆಂಕಣ ತುದಿಯವರೆಗೆ ಇದರ ನೆಲೆ ಸಾವಿರಾರು ಕಿಲೋಮೀಟರ್ ಉದ್ದ, ಅಗಲ ಮಾತ್ರ ದಡದಿಂದ ಕೆಲವೇ ಕಿಲೋಮೀಟರ್. ಎರಡು ಗುಡ್ಡಗಳ ನಡುವೆ ಹಳ್ಳದ ಗುಂಟ ಹರಡಿದ ಅಡಿಕೆ ತೋಟದ ಪಟ್ಟಿ ಇದ್ದ ಹಾಗೆ. ಆ ಪಟ್ಟಿಯೊಳಗೂ ನದಿ ಕಡಲು ಸೇರುವ ಜಾಗಗಳೇ ಇದಕ್ಕೆ ಅಚ್ಚುಮೆಚ್ಚು.

ಅದಕ್ಕೆ ಕಾರಣ ನಮ್ಮ ಕಡೆಯಿಂದಲೇ ಹರಿದುಹೋಗುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಸುಮಾರು 128 ಕಿಲೋಮೀಟರ್ ಹರಿದು, ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಕಡಲಿಗೆ ಸೇರುತ್ತದೆ. ವಾರಾಹಿಯೂ ಚಕ್ರಾ ನದಿಯೂ ಶಿವಮೊಗ್ಗ ಜಿಲ್ಲೆಯಿಂದಲೇ ಇಳಿದು ಗಂಗೊಳ್ಳಿಯ ಅಳಿವೆಗೆ ಹೋಗುತ್ತವೆ. ಕಾಡಿನ ದರಗು ಕೊಳೆತ ಸಾರ ಈ ನೀರಿನಲ್ಲಿ ಇಳಿಯುತ್ತದೆ. ಅದನ್ನುಂಡು ಕಣ್ಣಿಗೆ ಕಾಣದ ಪಾಚಿ, ಪಾಚಿಯಿಂದ ಸೀಗಡಿಮರಿ, ಮೀನುಮರಿ. ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನ ಸಂದಿಯಲ್ಲಿ ಮರಿಗಳು ಅಡಗಿ ಬೆಳೆಯುತ್ತವೆ. ಭರತ (ಕಡಲಿನ ಉಬ್ಬರ) ಏರುವಾಗ ಮೀನು ಅಳಿವೆಯ ಒಳಕ್ಕೆ ಬರುತ್ತದೆ, ಇಳಿಯುವಾಗ ಇಕ್ಕಟ್ಟಾದ ಬಾಯಿಯಲ್ಲೇ ಹೊರಬೀಳಬೇಕು. ಅಲ್ಲಿ ಕಾದರೆ ಸಾಕು, ಡಾಲ್ಫಿನ್ನಿಗೆ ಅರ್ಧ ಬೇಟೆ ಮುಗಿದ ಹಾಗೆ.

ನೀರನ್ನು ತಡೆದಾಗ ಈ ಲೆಕ್ಕ ಬದಲಾಗುತ್ತದೆ. ಲಿಂಗನಮಕ್ಕಿ ಕಟ್ಟೆ ಮುಗಿದದ್ದು 1964ರಲ್ಲಿ. ಮೊದಲು ಶರಾವತಿ ಮಳೆಗಾಲದಲ್ಲಿ ಉಕ್ಕಿ, ಬೇಸಿಗೆಯಲ್ಲಿ ಬಡವಾಗುತ್ತಿತ್ತು. ಬಡವಾದಾಗ ಉಪ್ಪುನೀರು ಒಳಕ್ಕೆ ಏರುತ್ತಿತ್ತು. ಈಗ ವಿದ್ಯುತ್ ತೆಗೆದ ನೀರು ಬೇಸಿಗೆಯಲ್ಲೂ ಬಿಡದೆ ಹರಿಯುವುದರಿಂದ ಅಳಿವೆಯ ಉಪ್ಪು ತೆಳುವಾಗಿದೆ. ಕಟ್ಟೆಯಿಲ್ಲದ ಅಘನಾಶಿನಿಯಲ್ಲಿ ಚೀಲಗಟ್ಟಲೆ ಸಿಗುವ ಬಳಚು ಎಂಬ ಚಿಪ್ಪುಜೀವಿ ಇಲ್ಲಿ ಹಾಗೆ ಸಿಗದಿರುವುದು ಇದೇ ಕಾರಣಕ್ಕೆ. ಕಟ್ಟೆ ಎಂದರೆ ನೀರು ಕಡಿಮೆಯಾಗುವುದು ಎಂದೇ ಎಲ್ಲರೂ ತಿಳಿಯುತ್ತಾರೆ. ಇಲ್ಲಿ ತೊಂದರೆ ಬಂದದ್ದು ಬೇಡದ ಕಾಲದಲ್ಲಿ ಹೆಚ್ಚಾದ ಸಿಹಿನೀರಿನಿಂದ.

ಹೊಳೆ ಒಯ್ಯುವುದು ಸಾರವನ್ನಷ್ಟೇ ಅಲ್ಲ. ಡಿಡಿಟಿಯಂಥ ಕೀಟನಾಶಕಗಳು ಕೊಬ್ಬಿನಲ್ಲಿ ಕರಗಿ ಕೂರುವ ಜಾತಿ. ಪಾಚಿಯಿಂದ ಸೀಗಡಿಗೆ, ಸೀಗಡಿಯಿಂದ ಮೀನಿಗೆ, ಮೀನಿನಿಂದ ಡಾಲ್ಫಿನ್‌ಗೆ ಹೋಗುತ್ತ ಮೆಟ್ಟಿಲಿಗೊಮ್ಮೆ ಗಟ್ಟಿಯಾಗುತ್ತವೆ. ಗಂಡಿನ ಮೈಯಲ್ಲಿ ಬದುಕಿಡೀ ಜಮೆ. ಹೆಣ್ಣು ಹಾಲಿನ ಕೊಬ್ಬಿನ ಜೊತೆ ಮರಿಗೆ ದಾಟಿಸಿಬಿಡುತ್ತದೆ, ಚೊಚ್ಚಲ ಮರಿಗೆ ಅತಿ ಹೆಚ್ಚು. ಅಡಿಕೆ ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣವನ್ನು ಇದರ ಜೊತೆ ಸೇರಿಸಬೇಡಿ. ಮೈಲುತುತ್ತದ ತಾಮ್ರ ಕೊಬ್ಬಿನಲ್ಲಿ ಹೀಗೆ ಕೂಡಿಕೊಳ್ಳುವುದಿಲ್ಲ.

ಮರಿಯ ವಿಷಯದಲ್ಲಿ ಅವಸರವೇ ಇಲ್ಲದ ಪ್ರಾಣಿ ಇದು. ಹೆಣ್ಣು ಮೊದಲ ಬೆದೆಗೆ ಬರುವ ಹೊತ್ತಿಗೆ ಹತ್ತು ವರ್ಷದ ಆಸುಪಾಸು, ಗರ್ಭ 10ರಿಂದ 12 ತಿಂಗಳು, ಹೆರುವುದು ಒಂದೇ. ಮರಿ ಸಾಮಾನ್ಯವಾಗಿ ಬಾಲ ಮುಂದಾಗಿ ಬರುತ್ತದೆ. ಒಂದು ಮೀಟರ್ ಉದ್ದದ ಈ ಮರಿಗೆ ತಾಯಿಯಷ್ಟು ಗೂನು ಇರುವುದಿಲ್ಲ, ಅದು ಬೆಳೆಯುತ್ತ ಬರುವಂಥದ್ದು. ಮೊಲೆತೊಟ್ಟು ಹೊಟ್ಟೆಯಡಿಯ ಸೀಳಿನೊಳಗಿರುತ್ತದೆ. ಮರಿ ನಾಲಗೆಯನ್ನು ದೊನ್ನೆಯ ಹಾಗೆ ಮಡಚಿ ಒಡ್ಡಿದರೆ ತಾಯಿ ಹಾಲನ್ನು ಚಿಮ್ಮಿಸುತ್ತದೆ. ಕೊಬ್ಬಿನಲ್ಲಿ ಎಮ್ಮೆಯ ಹಾಲನ್ನೂ ಮೀರಿಸುವ ಗಟ್ಟಿ ಹಾಲು. ಮುಂದಿನ ಮರಿಗೆ ಮೂರು ವರ್ಷ ಬೇಕು. 40 ವರ್ಷ ಬದುಕಿ, ತಪ್ಪದೆ ಹೆತ್ತರೂ ಹತ್ತು ಮರಿಯ ಆಚೆ ಹೋಗದು, ಅವೆಲ್ಲ ಉಳಿಯುವುದೂ ಇಲ್ಲ. ಬಂಗುಡೆ ಸಾವಿರಗಟ್ಟಲೆ ಮೊಟ್ಟೆಯಿಟ್ಟು ನಷ್ಟ ತುಂಬಿಕೊಳ್ಳುತ್ತದೆ, ಇದಕ್ಕೆ ಆ ದಾರಿಯಿಲ್ಲ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದು ಅಳಿವಿನಂಚಿನ ವರ್ಗಕ್ಕೆ ಸೇರಿರುವುದರ ಹಿಂದೆ ಬಲೆಯಷ್ಟೇ ಈ ನಿಧಾನವೂ ಇದೆ.

ನೋಡಲು ಹೋದಾಗ

ನವರಾತ್ರಿಯಿಂದ ಶಿವರಾತ್ರಿಯವರೆಗೆ ಕಡಲು ಶಾಂತ. ಬೆಳಿಗ್ಗೆ 7ರಿಂದ 10 ಒಳ್ಳೆಯ ಹೊತ್ತು. ಬಿಸಿಲೇರಿದ ಮೇಲೆ ಕಡಲಗಾಳಿ ಎದ್ದು ನೊರೆ ಮುರಿಯತೊಡಗಿದರೆ ಪ್ರತಿ ಅಲೆಯೂ ಬೆನ್ನಿನಂತೆಯೇ ಕಾಣುತ್ತದೆ. ಎತ್ತರದ ಜಾಗ ಸಿಕ್ಕರೆ ದೋಣಿಯೇ ಬೇಡ. ಅಪ್ಸರಕೊಂಡದ ಗುಡ್ಡವೋ, ಮುರುಡೇಶ್ವರದ ಗೋಪುರವೋ, ಅಲ್ಲಿಂದ ಬೈನಾಕ್ಯುಲರ್ ಹಿಡಿದು ಹಕ್ಕಿಗಳು ಮುಗಿಬೀಳುವ ಕಡೆ ನೋಡುತ್ತಿದ್ದರೆ ಸಾಕು. ಹಕ್ಕಿ ಇದ್ದಲ್ಲಿ ಮೀನು ಇರುತ್ತದೆ.

ದೋಣಿ ಹತ್ತಿದರೆ 50 ಮೀಟರ್ ಅಂತರ ಇರಲಿ, ಮೂರು ಅಡಿಕೆ ಮರ ಉದ್ದಕ್ಕೆ ಮಲಗಿಸಿದಷ್ಟು. ಹಿಂದಿನಿಂದ ಅಟ್ಟುವುದು, ಮುಂದೆ ಹೋಗಿ ಅಡ್ಡ ನಿಲ್ಲುವುದು, ಸುತ್ತುಹಾಕುವುದು ಮೂರೂ ಬೇಡ. ಪಕ್ಕದಲ್ಲಿ ಸಮಾನವಾಗಿ ನಿಧಾನಕ್ಕೆ ಹೋಗಿ, ಆಮೇಲೆ ಎಂಜಿನ್ ನ್ಯೂಟ್ರಲ್‌ಗೆ ಹಾಕಿಸಿ. ಹದಿನೈದು ಇಪ್ಪತ್ತು ನಿಮಿಷ ಸಾಕು. ಮುಳುಗುವ ಹೊತ್ತು ಉದ್ದವಾಗುತ್ತ ಹೋದರೆ, ಪ್ರತಿ ಸಲ ದಿಕ್ಕು ಬದಲಿಸಿ ಎದ್ದರೆ, ಬಾಲದಿಂದ ನೀರಿಗೆ ಬಡಿದರೆ, ತಾಯಿ ಮರಿ ಬೇರೆಯಾದರೆ ಅದಕ್ಕೆ ಕಿರಿಕಿರಿಯಾಗಿದೆ ಎಂದರ್ಥ. ಎಂಜಿನ್ನಿನ ಗದ್ದಲದಲ್ಲಿ ಮಾರ್ದನಿಯೂ ಕೇಳುವುದಿಲ್ಲ, ಮರಿಯ ಸಿಳ್ಳೆಯೂ ಕೇಳುವುದಿಲ್ಲ. “ಇನ್ನೂ ಹತ್ತಿರ ಬಿಡಿ ಅಣ್ಣ, ದುಡ್ಡು ಕೊಟ್ಟಿದ್ದೀವಲ್ಲ” ಎಂದು ಒತ್ತಾಯ ಮಾಡುವವರು ನಾವೇ. ಗಿರಾಕಿ ಕೇಳದಿದ್ದರೆ ದೋಣಿಯವರಿಗೆ ಡೀಸೆಲ್ ಸುಡುವ ಉಮೇದಿಲ್ಲ. ತೊಟ್ಟಿಯಲ್ಲಿ ಕುಣಿಸುವ ಡಾಲ್ಫಿನ್ ಪ್ರದರ್ಶನಕ್ಕೆ ಕೇಂದ್ರ ಸರ್ಕಾರ 2013ರಲ್ಲೇ ತಡೆ ಹಾಕಿದೆ.

ಮರಳಿನ ಮೇಲೆ ಜೀವಂತ ಡಾಲ್ಫಿನ್ ಬಿದ್ದಿದ್ದರೆ ಜನ ಮೊದಲು ಮಾಡುವ ಕೆಲಸ ಬಾಲ ಹಿಡಿದು ನೀರಿಗೆ ಎಳೆಯುವುದು. ಅದನ್ನೇ ಮಾಡಬಾರದು. ಇಡೀ ತೂಕ ಬಾಲದ ಕೀಲಿಗೆ ಬಿದ್ದು ಬೆನ್ನೆಲುಬು ಜರಗುತ್ತದೆ. ನೀರಿನಲ್ಲಿ ತೇಲುವ ಮೈಗೆ ನೆಲದ ಮೇಲೆ ತನ್ನದೇ ಭಾರ ಪುಪ್ಪುಸವನ್ನು ಒತ್ತುತ್ತದೆ. ದಪ್ಪ ಕೊಬ್ಬಿನ ಹೊದಿಕೆಯಿಂದ ಮೈ ಬಿಸಿ ಹೊರಗೆ ಹೋಗದೆ ಒಳಗೇ ಬೇಯುತ್ತದೆ. ಹೊಟ್ಟೆ ಕೆಳಗಾಗುವಂತೆ ಮೆಲ್ಲಗೆ ಹೊರಳಿಸಿ. ಎದೆರೆಕ್ಕೆಗಳ ಕೆಳಗೆ ಗುಂಡಿ ತೋಡಿ ನೀರು ತುಂಬಿ. ಬಟ್ಟೆ ಒದ್ದೆ ಮಾಡಿ ಮೈಗೆ ಹೊದೆಸಿ, ನೆತ್ತಿಯ ಹೊಳ್ಳೆ ಮಾತ್ರ ಬಿಟ್ಟು. ನೀರು ಹೊಯ್ಯುವಾಗಲೂ ಹೊಳ್ಳೆಗೆ ತಾಗಬಾರದು, ಅದು ಮೂಗು. ಕೊಡೆ ಹಿಡಿದು ನೆರಳು ಮಾಡಿ, ನಾಯಿಯನ್ನೂ ಸೆಲ್ಫಿಯವರನ್ನೂ ದೂರವಿಡಿ. 112ಕ್ಕೆ ಕರೆ ಮಾಡಿ ಅರಣ್ಯ ಇಲಾಖೆಗೆ ತಿಳಿಸಲು ಹೇಳಿ. ಉಸಿರು ಎಷ್ಟು ಹೊತ್ತಿಗೊಮ್ಮೆ ಬರುತ್ತಿದೆ ಎಂದು ಗಡಿಯಾರ ನೋಡಿ ಬರೆದಿಟ್ಟರೆ ಬಂದ ಪಶುವೈದ್ಯರಿಗೆ ಅದರಷ್ಟು ಉಪಯೋಗದ್ದು ಬೇರೆ ಇಲ್ಲ.

ಸತ್ತು ಬಿದ್ದಿದ್ದರೂ ತಿಳಿಸಿ, ಅಲ್ಲೇ ಹೂತುಬಿಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದಕ್ಕೂ ಅನ್ವಯ, ಒಂದು ಹಲ್ಲನ್ನೂ ನೆನಪಿಗೆಂದು ಮನೆಗೆ ತರುವಂತಿಲ್ಲ. ಆ ಹಲ್ಲಿನಿಂದ ತಜ್ಞರಿಗೆ ಕೆಲಸವಿದೆ. ಅದನ್ನು ಉದ್ದಕ್ಕೆ ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ ಮರದ ಕೊರಡಿನಲ್ಲಿ ಕಾಣುವಂಥದೇ ಪದರಗಳು ಕಾಣುತ್ತವೆ, ವರ್ಷಕ್ಕೊಂದರಂತೆ. ಎಣಿಸಿದರೆ ಪ್ರಾಣಿಯ ವಯಸ್ಸು ಸಿಗುತ್ತದೆ.